ದುಡ್ಡಿಗೆ ಸಿಗೋ ಸಾಕ್ಷಿ ಬೇಡ ಕಣ್ರೋ (ಮಾವನ ಗಾಣದ ಕಥೆ ಸಮೇತ)

1/10

ಮೊದಲು ಫೋಟೋ ನೋಡಿ. ನನ್ನ ಫೋನ್‌ನಲ್ಲಿ ‘ಗೌಡಗೆರೆ’ ಅಂತ ಗೂಗಲ್‌ನಲ್ಲಿ ಹುಡುಕಿದಾಗ ಬಂದ ಸ್ಕ್ರೀನ್‌ಶಾಟ್. ಮೊದಲ ಪುಟ ಪೂರ್ತಿ ಚನ್ನಪಟ್ಟಣ ತಾಲ್ಲೂಕಿನ ಗೌಡಗೆರೆ. 60 ಅಡಿಯ ಪಂಚಲೋಹದ ಚಾಮುಂಡೇಶ್ವರಿ, ಅಲ್ಲಿನ ಬಸಪ್ಪ, ಹೋಗೋ ದಾರಿ, ಎಲ್ಲಾ ಇದೆ. ನಮ್ಮ ಗೌಡಗೆರೆ, ಅಂದ್ರೆ ಶಿರಾ ತಾಲ್ಲೂಕಿನ ಹೋಬಳಿ, ಎಲ್ಲಿ ಸಿಕ್ತು ಗೊತ್ತಾ? ಬೆರಳು ನೋಯೋವರೆಗೂ ಸ್ಕ್ರಾಲ್ ಮಾಡಿದ ಮೇಲೆ, ಪಿನ್‌ಕೋಡ್ ಪಟ್ಟಿ ಇರೋ ಒಂದು ಪುಟದಲ್ಲಿ.

ಆ ಊರಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮಮ್ಮನೂ ಹೋಗಿ ಕೈ ಮುಗಿದು ಬಂದಿದ್ದಾರೆ. ಹೋದವರು ಬರೆದರು, ವಿಡಿಯೋ ಮಾಡಿದರು, ಪತ್ರಿಕೆಯವರು ಸುದ್ದಿ ಮಾಡಿದರು, ಅದು ಮೇಲೆ ಬಂತು. ಸರಿಯಾಗೇ ಇದೆ.

ಆದ್ರೆ ಈ ಸ್ಕ್ರೀನ್‌ಶಾಟ್ ತೆಗೆದ ದಿನಾನೇ ನಮ್ಮ ಕ್ಲಾಸ್ ಗ್ರೂಪ್‌ಗೆ ಒಂದು ಮೆಸೇಜ್ ಬಂತು. ‘ಲಿಂಕ್ ಬಿಲ್ಡಿಂಗ್, ವರ್ಕ್ ಫ್ರಂ ಹೋಮ್, ಒಂದು ಲಿಂಕ್‌ಗೆ 4 ರೂಪಾಯಿ, ದಿನಕ್ಕೆ 100 ಲಿಂಕ್, ಅನುಭವ ಬೇಕಾಗಿಲ್ಲ.’ ಹನ್ನೊಂದು ಜನ ಥಂಬ್ಸ್ ಅಪ್ ಒತ್ತಿದ್ರು. ಒಬ್ಬಳು ನನಗೆ ಬೇರೆಯಾಗಿ ಕೇಳಿದಳು, ‘ನೀನು ಆ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮಾಡಿದ್ದೀಯಲ್ಲ, ನಾನು ಸೇರ್ಕೊಳ್ಳಲಾ?’

ಬೇಡ ಅಂದೆ. ಯಾಕೆ ಅಂದಳು. ವಾಯ್ಸ್ ನೋಟ್‌ನಲ್ಲಿ ಹೇಳೋಕೆ ಹೋದೆ, ಹನ್ನೆರಡು ನಿಮಿಷ ಆಯ್ತು. ಅದನ್ನ ಅಳಿಸಿ ಇಲ್ಲಿ ಬರೀತಿದ್ದೀನಿ. ಒಂದು ಕ್ಯಾಪ್ಷನ್‌ಗೆ 2,200 ಅಕ್ಷರದ ಮಿತಿ, ಅದಕ್ಕೇ ಹತ್ತು ಪೋಸ್ಟ್. ಸೇವ್ ಮಾಡ್ಕೊಂಡು ಬಸ್‌ನಲ್ಲಿ ಓದಿ.

2/10

ಒತ್ತಿದರೆ ಇನ್ನೊಂದು ಪುಟಕ್ಕೆ ಹೋಗುತ್ತೆ, ಅದು ಲಿಂಕ್. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಗೂಗಲ್‌ಗೆ ಲಿಂಕ್ ಬರೀ ದಾರಿ ಅಲ್ಲ, ಸಾಕ್ಷಿ.

ಮೊದಮೊದಲಿನ ಸರ್ಚ್ ಇಂಜಿನ್‌ಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನೇ ನೋಡ್ತಿದ್ವು. ‘ಕಡ್ಲೇಕಾಯಿ ಎಣ್ಣೆ’ ಅಂತ ನೂರು ಸಲ ಬರೆದವನು ಮೇಲೆ ಬರ್ತಿದ್ದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ಬರೂ 1998ರ ಹೊತ್ತಿಗೆ ಬೇರೆ ಲೆಕ್ಕ ತಂದರು. ಸಂಶೋಧನಾ ಪ್ರಬಂಧಗಳಲ್ಲಿ ಯಾರ ಕೆಲಸವನ್ನು ಎಷ್ಟು ಜನ ಉಲ್ಲೇಖಿಸ್ತಾರೆ ಅನ್ನೋದರ ಮೇಲೆ ಅದರ ಬೆಲೆ ಗೊತ್ತಾಗುತ್ತಲ್ಲ, ಹಾಗೇ ವೆಬ್‌ನಲ್ಲೂ ಯಾರ ಕಡೆಗೆ ಎಷ್ಟು ಜನ ಬೆರಳು ತೋರಿಸ್ತಿದ್ದಾರೆ ನೋಡೋಣ ಅಂತ. ಅದರ ಹೆಸರು ಪೇಜ್‌ರ‍್ಯಾಂಕ್.

ನಮ್ಮೂರಲ್ಲಿ ಬೋರ್‌ವೆಲ್ ಪಾಯಿಂಟ್ ನೋಡೋರು ಯಾರು ಅಂತ ಕೇಳಿ. ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಆದ್ರೆ ನಾಲ್ಕು ಬೋರ್ ಫೇಲ್ ಆಗಿ ಐದನೇದಕ್ಕೆ ನೀರು ಕಂಡವರು ಒಂದು ಹೆಸರು ಹೇಳಿದರೆ, ಅದರ ತೂಕವೇ ಬೇರೆ. ಕೇಳಿದವರಿಗೆಲ್ಲ ಐನೂರು ಹೆಸರು ಹೇಳೋನ ಮಾತಿಗೆ ತೂಕ ಇಲ್ಲ. ಪೇಜ್‌ರ‍್ಯಾಂಕ್ ಲೆಕ್ಕವೂ ಹಾಗೇ: ಸಾಕ್ಷಿ ಹೇಳೋ ಪುಟಕ್ಕೆ ತನ್ನದೇ ತೂಕ ಇರಬೇಕು, ಆ ತೂಕ ಅದು ಕೊಡೋ ಎಲ್ಲಾ ಲಿಂಕ್‌ಗಳಿಗೂ ಹಂಚಿಹೋಗುತ್ತೆ.

ಈಗ ಗೂಗಲ್ ಇನ್ನೂ ಎಷ್ಟೋ ಸಂಗತಿ ನೋಡುತ್ತೆ, ಲಿಂಕ್‌ಗೆ ಮೊದಲಿನಷ್ಟು ತೂಕ ಇಲ್ಲ ಅಂತ ಅವರೇ ಹೇಳಿದ್ದಾರೆ. ಆದ್ರೂ ಸಾಕ್ಷಿಯ ಸಂತೆ ನಡೀತಾನೇ ಇದೆ. ಆ ಸಂತೆಗೆ ನಮ್ಮ ಮಾವನ್ನ ಕರ್ಕೊಂಡು ಹೋಗಿದ್ದು ನಾನೇ.

3/10

ಫೋಟೋದಲ್ಲಿರೋದು ಮಾವನ ಗಾಣ. ಮಾವ ಅಂದ್ರೆ ಅಮ್ಮನ ತಮ್ಮ. ಮೊದಲು ಕಡ್ಲೇಕಾಯಿ ಬೆಳೆದು ಮಂಡಿಗೆ ಹಾಕ್ತಿದ್ರು. ರೇಟು ಬಿದ್ದ ವರ್ಷ ಬೇಸರವಾಗಿ, ಸಾಲ ಮಾಡಿ ಮರದ ಗಾಣ ಹಾಕಿದರು. ಮೋಟರ್ ಗಾಣನೇ, ಎತ್ತಿನದ್ದಲ್ಲ, ಕಾಮೆಂಟ್‌ನಲ್ಲಿ ಕೇಳಬೇಡಿ.

ನಾನಾಗ ಬಿಕಾಂ ಎರಡನೇ ವರ್ಷ. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ತಲೆ ತುಂಬ ಎಸ್‌ಇಒ. ‘ಮಾವ, ವೆಬ್‌ಸೈಟ್ ಮಾಡಿಸೋಣ, ಬೆಂಗಳೂರಿನಿಂದ ಆರ್ಡರ್ ಬರುತ್ತೆ’ ಅಂದೆ. ನನ್ನ ಮಾತು ಕೇಳಿ ಮಾಡಿಸಿದರು. ಎರಡು ತಿಂಗಳು ಒಂದು ಫೋನೂ ಬರಲಿಲ್ಲ. ಆಮೇಲೆ ಬೆಂಗಳೂರಿನ ಒಂದು ಏಜೆನ್ಸಿಯವರು ಮಾವನ ನಂಬರ್‌ಗೆ ಕರೆ ಮಾಡಿದರು. 500 ಬ್ಯಾಕ್‌ಲಿಂಕ್, 90 ದಿನದಲ್ಲಿ ಮೊದಲ ಪುಟ, 18,000 ರೂಪಾಯಿ.

ಮಾವ ನನ್ನ ಕೇಳಿದರು, ‘ಮಗಾ, ಇದು ಬೇಕಾ?’

ಕೋರ್ಸ್‌ನಲ್ಲಿ ಬ್ಯಾಕ್‌ಲಿಂಕ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಒಂದು ಸ್ಲೈಡ್ ಇತ್ತು. ನಾನು ಬೇಕು ಅಂದೆ. ಇದನ್ನ ಬರೆಯೋಕೆ ಈಗಲೂ ನಾಚಿಕೆ. ಆ ದುಡ್ಡು ಗಾಣದ ರಿಪೇರಿಗೆ ಅಂತ ಇಟ್ಟಿದ್ದು. ಅತ್ತೆ ಏನೂ ಅನ್ನಲಿಲ್ಲ, ಒಳಗೆ ಎದ್ದು ಹೋದರು ಅಷ್ಟೇ.

90 ದಿನ ಆಯ್ತು. ಮೊದಲ ಪುಟ ಬಿಡಿ, ಹತ್ತನೇ ಪುಟದಲ್ಲೂ ಇಲ್ಲ. ಫೋನ್ ಮಾಡಿದರೆ ‘ಸರ್, ನಮ್ಮ ಕೆಲಸ ನಾವು ಮಾಡಿದ್ದೀವಿ, ರಿಪೋರ್ಟ್ ಕಳಿಸಿದ್ದೀವಲ್ಲ’ ಅಂದರು. ನಿಜ, ಕಳಿಸಿದ್ರು. ಒಂದು ಎಕ್ಸೆಲ್ ಶೀಟ್. 500 ಸಾಲು. ಲೆಕ್ಕದಲ್ಲಿ ಒಂದೂ ಕಮ್ಮಿ ಇಲ್ಲ.

4/10

ಆಡಿಟಿಂಗ್ ಪೇಪರ್‌ನಲ್ಲಿ ವೌಚಿಂಗ್ ಅಂತ ಬರುತ್ತಲ್ಲ. ಪುಸ್ತಕದಲ್ಲಿ ಬರೆದ ಪ್ರತಿ ಎಂಟ್ರಿಗೂ ಕೈಯಲ್ಲಿ ಕಾಗದ ಇದೆಯಾ ಅಂತ ನೋಡೋದು. ಐದು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ದನ್ನ ಮೊದಲ ಸಲ ನಿಜವಾಗಿ ಮಾಡಿದ್ದು ಆ ಶೀಟ್ ಮೇಲೆ. ದಸರಾ ರಜೆಯಲ್ಲಿ ಕೂತು 500 ಲಿಂಕ್‌ಗಳನ್ನೂ ಒಂದೊಂದಾಗಿ ತೆರೆದೆ.

ಸುಮಾರು ಅರ್ಧ ತೆರೆಯಲೇ ಇಲ್ಲ. ತೆರೆದದ್ದರಲ್ಲಿ ಒಂದು ರಷ್ಯನ್ ಭಾಷೆಯ ಟೈರ್ ಅಂಗಡಿ, ಅದರ ಕೆಳಗೆ ಕಾಮೆಂಟ್ ಜಾಗದಲ್ಲಿ ‘ಬೆಸ್ಟ್ ಗ್ರೌಂಡ್‌ನಟ್ ಆಯಿಲ್ ತುಮಕೂರು’. ಇನ್ನೊಂದು ಆನ್‌ಲೈನ್ ಜೂಜಿನ ಸೈಟ್. ನಲವತ್ತೋ ಐವತ್ತೋ ಪುಟಗಳಲ್ಲಿ ಒಂದೇ ಪ್ಯಾರಾ, ಹೆಸರು ಮಾತ್ರ ಬೇರೆ: ಒಂದರಲ್ಲಿ ಅಡುಗೆ, ಒಂದರಲ್ಲಿ ಫ್ಯಾಷನ್, ಒಂದರಲ್ಲಿ ಸಾಕುನಾಯಿ. ಮೂರರಲ್ಲೂ ನಮ್ಮ ಮಾವನ ಎಣ್ಣೆ ‘ಚರ್ಮದ ಕಾಂತಿಗೆ ಜಗತ್ತಿನ ನಂಬರ್ ಒನ್’. ಮಾವ ಆ ಎಣ್ಣೆ ಮಾರೋದು ಒಗ್ಗರಣೆಗೆ.

ಅದನ್ನ ಬರೆದವರು ಯಾರಿರಬಹುದು ಅಂತ ಯೋಚಿಸಿದೆ. ಎಲ್ಲೋ ಒಂದು ಊರಿನ, ನನ್ನದೇ ವಯಸ್ಸಿನ, ಒಂದು ಲಿಂಕ್‌ಗೆ 4 ರೂಪಾಯಿ ಅಂತ ಒಪ್ಪಿಕೊಂಡ ಹುಡುಗನೋ ಹುಡುಗಿಯೋ ಇರಬೇಕು. 500 ಲಿಂಕ್‌ಗೆ ಅವರಿಗೆ ಸಿಕ್ಕಿದ್ದು 2,000 ರೂಪಾಯಿ ಅಂತಿಟ್ಟುಕೊಳ್ಳಿ. ಮಾವ ಕೊಟ್ಟಿದ್ದು 18,000. ಮಧ್ಯದ 16,000 ಯಾರಿಗೆ ಹೋಯ್ತು? ಕಾಸ್ಟ್ ಶೀಟ್ ಹಾಕೋಕೆ ಬರುತ್ತಲ್ಲ, ನೀವೇ ಹಾಕಿ.

ಥಂಬ್ಸ್ ಅಪ್ ಒತ್ತಿದ ಹನ್ನೊಂದು ಜನರಿಗೆ ನಾನು ಹೇಳ್ತಿರೋದು ಇದೇ. ಆ 4 ರೂಪಾಯಿ ಬರೋದು ದೊಡ್ಡ ಕಂಪನಿಯ ಜೇಬಿಂದಲ್ಲ, ಇಂಥ ಮಾವಂದಿರ ಜೇಬಿಂದ.

5/10

ಕೆಲವರು ಕೇಳ್ತೀರ, ‘ಸುಳ್ಳು ಸೈಟ್ ಬೇಡ, ನಾವು ನಾವೇ ಲಿಂಕ್ ಹಂಚ್ಕೊಂಡ್ರೆ? ನಂದು ನೀನು ಹಾಕು, ನಿಂದು ನಾನು ಹಾಕ್ತೀನಿ. ಮುಯ್ಯಿ ಥರ.’

ಮುಯ್ಯಿ ಹೆಸರು ಕೆಡಿಸಬೇಡಿ. ಇವತ್ತು ನಿಮ್ಮ ಹೊಲದಲ್ಲಿ ಕಡ್ಲೇಕಾಯಿ ಕೀಳೋಕೆ ನಾವು ಬಂದು, ನಾಳೆ ನಮ್ಮ ಹೊಲಕ್ಕೆ ನೀವು ಬಂದರೆ, ಎರಡು ಹೊಲದ ಕೆಲಸ ನಿಜವಾಗಿ ಆಗಿರುತ್ತೆ. ಮದುವೆ ಮನೆಯಲ್ಲಿ ಬರೆಸಿದ ಮುಯ್ಯಿ ದುಡ್ಡಿಂದ ಆ ಮನೆಯವರ ಅಡುಗೆ ಖರ್ಚಾದರೂ ಹುಟ್ಟುತ್ತೆ. ಲಿಂಕ್‌ಗೆ ಲಿಂಕ್ ಅನ್ನೋದರಲ್ಲಿ ಕೆಲಸ ಎಲ್ಲಿ ನಡೀತು?

ಅದಕ್ಕೆ ಸರಿಯಾದ ಜೋಡಿ ನಮ್ಮ ಸಿಲಬಸ್‌ನಲ್ಲೇ ಇದೆ: ಅಕಾಮಡೇಶನ್ ಬಿಲ್. ಸಾಮಾನು ಕೊಂಡಿಲ್ಲ, ಮಾರಿಲ್ಲ. ಇವನು ಅವನ ಮೇಲೆ ಬಿಲ್ ಬರೆದ, ಅವನು ಒಪ್ಪಿ ಸಹಿ ಹಾಕಿದ, ಇಬ್ಬರೂ ಬ್ಯಾಂಕ್‌ನಲ್ಲಿ ಡಿಸ್ಕೌಂಟ್ ಮಾಡಿಸಿದರು. ಕಾಗದ ನೋಡಿದರೆ ವ್ಯಾಪಾರ, ಗೋಡೌನ್ ನೋಡಿದರೆ ಖಾಲಿ. ಒಬ್ಬ ಎಡವಿದ ದಿನ ಇಬ್ಬರೂ ಬೀಳ್ತಾರೆ. ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲಿ ಲಿಂಕ್ ಕೊಳ್ಳೋದು, ಮಾರೋದು, ಅತಿಯಾಗಿ ಅದಲುಬದಲು ಮಾಡ್ಕೊಳ್ಳೋದು ಮೂರೂ ಹೆಸರು ಹೇಳಿ ಬರೆದಿದ್ದಾರೆ. ಇಬ್ಬರು ಗೆಳೆಯರು ಒಬ್ಬರದ್ದೊಬ್ಬರು ಓದಿ, ಇಷ್ಟವಾಗಿ ಲಿಂಕ್ ಕೊಟ್ಟರೆ ಅದು ತಪ್ಪಲ್ಲ. ಅದಲುಬದಲು ಮಾಡೋಕೆ ಅಂತಲೇ ಪುಟ ಹುಟ್ಟಿಸೋದು ತಪ್ಪು.

ಕಾಮೆಂಟ್‌ಗಳಲ್ಲಿ ಲಿಂಕ್ ಅಂಟಿಸೋದಂತೂ ಪೂರ್ತಿ ದಂಡ. 2005ರಲ್ಲೇ ಸರ್ಚ್ ಕಂಪನಿಗಳು ‘ನೋಫಾಲೋ’ ಅನ್ನೋ ಗುರುತು ತಂದವು. ‘ಈ ಲಿಂಕ್‌ಗೆ ನಾನು ಜವಾಬ್ದಾರ ಅಲ್ಲ’ ಅಂತ ಸೈಟಿನವರು ಹಾಕೋ ಗುರುತು ಅದು. ಆ ವರ್ಷ ನಮ್ಮಲ್ಲಿ ಕೆಲವರು ಹುಟ್ಟಿದ್ದೇ ಇಲ್ಲ! ಅಷ್ಟು ಹಳೇ ಮೋಸವನ್ನ ಇವತ್ತಿಗೂ ‘ಹೊಸ ಅವಕಾಶ’ ಅಂತ ಗ್ರೂಪ್‌ಗೆ ಕಳಿಸ್ತಾರೆ.

6/10

‘ದೊಡ್ಡೋರೆಲ್ಲ ಮಾಡ್ತಾರೆ, ನಮಗೆ ಮಾತ್ರ ಯಾಕೆ ನೀತಿ?’ ಈ ಪ್ರಶ್ನೆ ಬಂದೇ ಬರುತ್ತೆ.

ಹೌದು, ಮಾಡಿದ್ದಾರೆ. ಅಮೆರಿಕದ ಜೆ.ಸಿ. ಪೆನ್ನಿ ಅನ್ನೋ ದೊಡ್ಡ ಅಂಗಡಿ ಸರಪಳಿ, ಬಟ್ಟೆಯಿಂದ ಸೂಟ್‌ಕೇಸ್‌ವರೆಗೂ ಏನು ಹುಡುಕಿದರೂ ಮೇಲೆ ಬರ್ತಿತ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅದಕ್ಕೆ ಲಿಂಕ್ ಇದ್ದದ್ದನ್ನ 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆ ತಂತು. ಗೂಗಲ್ ಕೈ ಹಾಕಿತು. ಒಂದನೇ ಸ್ಥಾನದಲ್ಲಿದ್ದ ಕೆಲವು ಹುಡುಕಾಟಗಳಲ್ಲಿ ಅಂಗಡಿ ಎಪ್ಪತ್ತರ ಆಚೀಚೆ ಹೋಗಿ ಬಿತ್ತು. ನಮಗೆ ಗೊತ್ತಿಲ್ಲದೇ ಆಗಿದ್ದು ಅಂದ ಕಂಪನಿ, ಎಸ್‌ಇಒ ನೋಡ್ಕೊಳ್ತಿದ್ದ ಸಂಸ್ಥೆಯನ್ನ ಬಿಡಿಸಿತು. ಕೆಲವು ತಿಂಗಳಲ್ಲಿ ಮತ್ತೆ ಮೇಲೆ ಬಂತು. ದೊಡ್ಡೋರಿಗೆ ಎದ್ದು ನಿಲ್ಲೋಕೆ ವಕೀಲರು, ದುಡ್ಡು, ಹೆಸರು ಎಲ್ಲಾ ಇರುತ್ತೆ. ಮಾವನ ಹತ್ರ ಒಂದು ಗಾಣ ಇದೆ.

2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಅನ್ನೋ ಬದಲಾವಣೆ ತಂತು, ಕೊಂಡ ಲಿಂಕ್‌ಗಳ ಮೇಲೆ ಬದುಕ್ತಿದ್ದ ಸೈಟ್‌ಗಳು ನೆಲ ಕಚ್ಚಿದವು. 2016ರಿಂದ ವಿಧಾನ ಬದಲಾಯ್ತು. ಈಗ ಹೆಚ್ಚಾಗಿ ಶಿಕ್ಷೆ ಕೊಡೋಕೂ ಹೋಗಲ್ಲ, ಆ ಲಿಂಕ್‌ಗಳನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ನಮ್ಮ ಕೇಸ್‌ನಲ್ಲೂ ಅದೇ ಆಗಿರಬೇಕು. ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಉಚಿತ ಟೂಲ್‌ನಲ್ಲಿ ನೋಡಿದೆ, ದಂಡದ ನೋಟಿಸ್ ಏನೂ ಇರಲಿಲ್ಲ. 18,000 ಸುಮ್ಮನೆ ಗಾಳಿಗೆ ಹೋಗಿತ್ತು. ಮಾವ ಇದನ್ನ ಕೇಳಿ, ‘ಪೊಲೀಸ್ ಹಿಡಿದು ಬೈದಿದ್ರೂ ಪರವಾಗಿಲ್ಲ ಅನ್ನಿಸ್ತಿತ್ತು ಮಗಾ, ನೋಡೇ ಇಲ್ಲ ಅಂದ್ರೆ ಹೆಂಗೆ’ ಅಂದರು.

ಕೊಂಡ ಲಿಂಕ್ ಒಮ್ಮೊಮ್ಮೆ ಕೆಲಸ ಮಾಡೋದೂ ಉಂಟು, ಸ್ವಲ್ಪ ದಿನ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆ ಸ್ವಲ್ಪ ದಿನಕ್ಕೆ ಗಾಣದ ರಿಪೇರಿ ದುಡ್ಡು ಹಾಕಬೇಕಾ ಅನ್ನೋದು ನನ್ನ ಪ್ರಶ್ನೆ.

7/10

ಈಗ ನಮ್ಮೆಲ್ಲರ ಹೊಟ್ಟೆ ಉರಿಸಿದ ಒಂದು ಹಳೇ ಘಟನೆ. 2021ರ ಜೂನ್. ನಾನಾಗ ಎಸ್‌ಎಸ್‌ಎಲ್‌ಸಿ, ಕೋವಿಡ್‌ನಿಂದ ಪರೀಕ್ಷೆ ಆಗುತ್ತೋ ಇಲ್ವೋ ಅಂತ ಕಾಯ್ತಿದ್ದ ಕಾಲ. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಮೇಲೆ ಒಂದು ಡಬ್ಬಿಯೊಳಗೆ ‘ಕನ್ನಡ’ ಅಂತ ತೋರಿಸ್ತಿತ್ತು. ನೆನಪಿದೆಯಲ್ಲ? ಎಲ್ಲರೂ ಸ್ಟೇಟಸ್ ಹಾಕಿದ್ವಿ. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ನೋಟಿಸ್ ಕೊಡ್ತೀವಿ ಅಂದರು. ಗೂಗಲ್ ಕ್ಷಮೆ ಕೇಳಿ ಅದನ್ನ ತೆಗೀತು.

ಆ ಉತ್ತರ ಎಲ್ಲಿಂದ ಬಂತು ಅಂತ ಆಗ ನಾನು ಕೇಳಿರಲಿಲ್ಲ. ಆಮೇಲೆ ಓದಿದೆ. ಸಾಲ ತೀರಿಸೋ ವಿಷಯದ ಹೆಸರಿಟ್ಟುಕೊಂಡಿದ್ದ ಯಾವುದೋ ಒಂದು ವೆಬ್‌ಸೈಟ್‌ನಿಂದ. ಯಾವ ಭಾಷಾತಜ್ಞರೂ ಹೇಳಿದ್ದಲ್ಲ. ಆ ಹುಚ್ಚು ಪ್ರಶ್ನೆಗೆ ಬುದ್ಧಿ ಇರೋರು ಯಾರೂ ಪುಟ ಬರೆದಿರಲಿಲ್ಲ, ಯಾಕೆ ಬರೀತಾರೆ? ಖಾಲಿ ಜಾಗದಲ್ಲಿ ಒಂದು ಕಸದ ಪುಟ ನಿಂತಿತ್ತು. ಮಷೀನ್ ಅದನ್ನೇ ಎತ್ತಿ ಡಬ್ಬಿಗೆ ಹಾಕಿತು. ಆ ಡಬ್ಬಿ ಸತ್ಯ ಪರೀಕ್ಷೆ ಮಾಡಲ್ಲ, ಪ್ರಶ್ನೆಗೆ ಹೊಂದೋ ಸಾಲು ಹುಡುಕುತ್ತೆ ಅಷ್ಟೇ.

ಆ ಸೈಟ್ ಲಿಂಕ್ ಮಾರ್ತಿತ್ತು ಅಂತ ನಾನು ಹೇಳ್ತಿಲ್ಲ. ಆದ್ರೆ ಮಾವನ ಎಕ್ಸೆಲ್ ಶೀಟ್‌ನಲ್ಲಿದ್ದ ಪುಟಗಳ ಜಾತಿಯೇ ಅದು. ಹೆಸರು ಒಂದು, ಒಳಗಿನದು ಇನ್ನೊಂದು. ಯಾರೂ ಓದೋಕೆ ಬರೆದಿದ್ದಲ್ಲ, ಹುಡುಕೋರನ್ನ ಹಿಡಿಯೋಕೆ ಬರೆದಿದ್ದು. 4 ರೂಪಾಯಿಗೆ ನಾವು ತುಂಬಿಸೋದು ಇಂಥ ಪುಟಗಳನ್ನೇ. ನಾಳೆ ಅದರಲ್ಲೊಂದು ಸಾಲು ಎದ್ದು ಯಾರದೋ ಭಾಷೆಗೆ, ಯಾರದೋ ಊರಿಗೆ, ಯಾರದೋ ಕಾಯಿಲೆಗೆ ಉತ್ತರ ಆಗಿ ನಿಂತುಬಿಡಬಹುದು.

2021ರಲ್ಲಿ ನಾನು ಹಾಕಿದ ಸ್ಟೇಟಸ್ 24 ಗಂಟೆಗೆ ಮಾಯ ಆಯ್ತು. ಅದನ್ನ ಯಾವ ಸರ್ಚ್ ಇಂಜಿನ್ನೂ ನೋಡಲಿಲ್ಲ.

8/10

ಇದು ನಮ್ಮ ಮನೆಯ ವಿಷಯಕ್ಕೆ ಬರುತ್ತೆ: ಈ ಆ್ಯಪ್.

ನಾವು ದಿನಕ್ಕೆ ಮೂರು ಗಂಟೆ ಇಲ್ಲೇ ಇರ್ತೀವಿ. ಆದ್ರೆ ಇಲ್ಲಿ ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದರೆ ಒತ್ತೋಕೇ ಆಗಲ್ಲ. ಬಯೋದಲ್ಲಿ ಹಾಕಬಹುದು, 2023ರಿಂದ ಐದರವರೆಗೆ. ಸ್ಟೋರಿಗೆ ಲಿಂಕ್ ಸ್ಟಿಕ್ಕರ್ ಇದೆ, ಅದು ಮರುದಿನ ಹೋಗಿಬಿಡುತ್ತೆ. ವಾಟ್ಸಾಪ್ ಫಾರ್ವರ್ಡ್ ಗೂಗಲ್‌ಗೆ ಕಾಣಲ್ಲ. ಲೈಕ್, ಫಾಲೋವರ್ ಸಂಖ್ಯೆ ರ‍್ಯಾಂಕ್‌ಗೆ ಬಳಸಲ್ಲ ಅಂತ ಗೂಗಲ್‌ನ ಮ್ಯಾಟ್ ಕಟ್ಸ್ 2014ರಲ್ಲೇ ಹೇಳಿದ್ದರು. ಹಾಗಾಗಿ ‘ಲೈಕ್‌ಗೆ ಲೈಕ್’ ಗ್ರೂಪ್‌ಗಳಲ್ಲಿ ಇರೋರು ಅಲ್ಲಿಂದ ಹೊರಗೆ ಬಂದರೆ ಕಳ್ಕೊಳ್ಳೋದು ಏನೂ ಇಲ್ಲ. 2025ರ ಜುಲೈಯಿಂದ ಪ್ರೊಫೆಷನಲ್ ಖಾತೆಗಳ ಪಬ್ಲಿಕ್ ಪೋಸ್ಟ್‌ಗಳು ಗೂಗಲ್‌ಗೆ ಕಾಣೋ ಹಾಗೆ ಬಿಟ್ಟಿದ್ದಾರೆ. ಅಂದ್ರೆ ಫೋಟೋ ಕೆಳಗೆ ಕನ್ನಡದಲ್ಲಿ ಊರಿನ ಹೆಸರು, ತಾಲ್ಲೂಕು ಬರೆದರೆ ಉಪಯೋಗ ಇದೆ. ಬರೀ ಮೂರು ಬೆಂಕಿ ಎಮೋಜಿ ಹಾಕಿದರೆ ಇಲ್ಲ.

ಹಾಗಾದ್ರೆ ಸೋಷಿಯಲ್ ಮೀಡಿಯಾ ದಂಡನಾ? ಅಲ್ಲ. ಇದು ಜಾತ್ರೆ. ಜಾತ್ರೆಯಲ್ಲಿ ಯಾರೋ ಸಿಗ್ತಾರೆ, ಮಾತಾಗುತ್ತೆ, ಆಮೇಲೆ ಅವರು ಮನೆಗೆ ಹೋಗಿ ನಿಮ್ಮ ಬಗ್ಗೆ ಹೇಳ್ತಾರೆ. ಲಿಂಕ್ ಹುಟ್ಟೋದು ಆ ಮನೆಯಲ್ಲಿ.

ನಮ್ಮ ತಾಲ್ಲೂಕಿನ ಕಗ್ಗಲಡು ನೋಡಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಬಂದು ಗೂಡು ಕಟ್ಟುತ್ತವೆ, ಊರಿನವರು ಓಡಿಸದೆ ಕಾಯ್ದುಕೊಂಡು ಬಂದಿದ್ದಾರೆ. ಹಕ್ಕಿ ನೋಡೋಕೆ ಬಂದವರು ಬರೆದರು, ಇಂಗ್ಲಿಷ್ ವಿಕಿಪೀಡಿಯದಲ್ಲೂ ಪುಟ ಆಯ್ತು. ಕಗ್ಗಲಡು ಅಂತ ಹುಡುಕಿದರೆ ಕಗ್ಗಲಡುವೇ ಬರುತ್ತೆ. ಅಲ್ಲಿನ ಅಜ್ಜಿಯರು ಎಸ್‌ಇಒ ಕೋರ್ಸ್ ಮಾಡಿರಲಿಲ್ಲ.

ಬ್ಯಾಲೆನ್ಸ್ ಶೀಟ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ತೋರಿಸಬಹುದು, ನಾವೇ ಬೆಳೆಸಿದ್ದನ್ನ ತೋರಿಸೋ ಹಾಗಿಲ್ಲ. ಇಲ್ಲಿ ನಿಯಮ ಉಲ್ಟಾ. ಥಿಯರಿ ಪೇಪರ್‌ನಲ್ಲಿ ಮಾತ್ರ ಕನ್‌ಫ್ಯೂಸ್ ಆಗಬೇಡಿ!

9/10

ಮಾವನ ಗಾಣಕ್ಕೆ ಆಮೇಲೆ ಏನು ಮಾಡಿದ್ವಿ ಅಂತ ತುಂಬ ಜನ ಕೇಳಿದ್ರಿ.

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್. ಒಂದು ಪೈಸೆ ಖರ್ಚಿಲ್ಲ. ಬೋರ್ಡು, ತಿರುಗೋ ಗಾಣ, ರಸ್ತೆ ಎಲ್ಲಾ ವಿಡಿಯೋ ತೆಗೆದು ಕಳಿಸಿದ ಮೇಲೆ ವೆರಿಫೈ ಆಯ್ತು. ಮ್ಯಾಪ್‌ನಲ್ಲಿ ಯಾರನ್ನ ಮೇಲೆ ತೋರಿಸಬೇಕು ಅನ್ನೋದಕ್ಕೆ ಗೂಗಲ್ ಹೇಳೋದು ಮೂರು: ಹುಡುಕಿದ್ದಕ್ಕೂ ಅಂಗಡಿಗೂ ಹೊಂದಿಕೆ, ದೂರ, ಹೆಸರುವಾಸಿ. ಮೊದಲ ಎರಡಕ್ಕೆ ಯಾವ ಏಜೆನ್ಸಿಯೂ ಬೇಡ. ಹೆಸರು ಮಾತ್ರ ಎಲ್ಲಾ ಕಡೆ ಒಂದೇ ಥರ ಬರೆದ್ವಿ. ನಮ್ಮೂರಿನ ಕಷ್ಟ ಗೊತ್ತಲ್ಲ, ‘ಶಿರಾ’ ಅಂತ ಕೆಲವರು, ‘ಸಿರಾ’ ಅಂತ ಕೆಲವರು, ಮೊಬೈಲ್‌ನಲ್ಲಿ ಹುಡುಕಿದರೆ ರವೆಯಿಂದ ಮಾಡೋ ಸಿಹಿ ಶಿರಾ ಬರುತ್ತೆ. ‘ಗೌಡಗೆರೆ, ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ’ ಅಂತ ಪೂರ್ತಿ ಹಾಕಿದ್ವಿ.

ಮಾವ ಫೈವ್ ಸ್ಟಾರ್ ಕೊಟ್ಟೋರಿಗೆ ಕಾಲು ಲೀಟರ್ ಎಣ್ಣೆ ಫ್ರೀ ಕೊಡೋಣ ಅಂದರು. ಅದೂ ನಿಯಮಕ್ಕೆ ವಿರುದ್ಧ. ಅದೂ ಕೊಂಡ ಸಾಕ್ಷಿನೇ ಮಾವ ಅಂದೆ. ‘ನಿನ್ನ ಮಾತು ಕೇಳಿ ಒಂದ್ಸಲ ಕೊಂಡಾಗಿದೆ’ ಅಂದರು. ಹಬ್ಬಕ್ಕೊಂದು ಸಲ ಈ ಮಾತು ಬರುತ್ತೆ, ಅಭ್ಯಾಸ ಆಗಿದೆ.

ಆಮೇಲೆ ಒಂದೇ ಒಂದು ಪುಟ ಬರೆದೆ, ಕನ್ನಡದಲ್ಲಿ: ‘ನಮ್ಮ ಎಣ್ಣೆ ಅಂಗಡಿ ಎಣ್ಣೆಗಿಂತ ಯಾಕೆ ದುಬಾರಿ?’ ಬಂದೋರೆಲ್ಲ ಕೇಳೋ ಪ್ರಶ್ನೆ ಅದೇ. ಒಂದು ಲೀಟರ್‌ಗೆ ಎರಡೂವರೆಯಿಂದ ಮೂರು ಕೆಜಿ ಕಡ್ಲೇಬೀಜ ಬೇಕು, ಬೀಜದ ರೇಟು ಇಷ್ಟು, ಕರೆಂಟು ಇಷ್ಟು, ಹಿಂಡಿ ಮಾರಿ ವಾಪಸ್ ಬರೋದು ಇಷ್ಟು, ಎಣ್ಣೆ ತಿಳಿಯಾಗೋಕೆ ಎಷ್ಟು ದಿನ ಬಿಡ್ತೀವಿ. ಕಾಸ್ಟ್ ಶೀಟ್‌ನೇ ಕನ್ನಡ ಮಾಡಿದ ಹಾಗೆ. ಲಾಭ ಎಷ್ಟು ಅಂತಲೂ ಬರೆದ್ವಿ. ಅತ್ತೆ ಬೇಡ ಅಂದ್ರು, ಮಾವ ಇರಲಿ ಅಂದರು.

ಎಂಟು ತಿಂಗಳಲ್ಲಿ ಆ ಪುಟಕ್ಕೆ ಬಂದ ಲಿಂಕ್ ಎಷ್ಟು ಗೊತ್ತಾ? ಮೂರು. ಮೂರೂ ಎಣ್ಣೆ ಕೊಂಡು ತಿಂದವರು, ಇಲ್ಲವೇ ಗಾಣ ಹಾಕಬೇಕು ಅಂತ ಲೆಕ್ಕ ಹುಡುಕ್ತಿದ್ದವರು ಕೊಟ್ಟಿದ್ದು. ಮ್ಯಾಪ್ ನೋಡಿ ದಾರಿ ಕೇಳೋ ಫೋನ್ ಈಗ ವಾರಕ್ಕೆ ನಾಲ್ಕೈದು ಬರುತ್ತೆ. ಕೋಟಿ ಏನೂ ಆಗಿಲ್ಲ. ಗಾಣದ ರಿಪೇರಿ ಆಯ್ತು.

10/10

ಹನ್ನೊಂದು ಜನಕ್ಕೆ ದುಡ್ಡು ಬೇಕು, ಅದು ನಂಗೂ ಗೊತ್ತು. ಬಸ್ ಪಾಸು, ಪರೀಕ್ಷೆ ಫೀಸು, ಮನೆಯಲ್ಲಿ ಕೇಳೋಕೆ ಮುಜುಗರ. ಬರೀ ‘ಬೇಡ’ ಅಂತ ಹೇಳಿ ಹೋದರೆ ನಾನು ಉಪದೇಶ ಮಾಡಿದ ಹಾಗಾಗುತ್ತೆ. ಶಿರಾ ಬಸ್ ಸ್ಟ್ಯಾಂಡ್ ಸುತ್ತ ಒಂದು ರೌಂಡ್ ಹೊಡೀರಿ. ಟೈಲರ್, ಪಂಕ್ಚರ್ ಅಂಗಡಿ, ಬಳೆ ಅಂಗಡಿ, ಮೆಸ್. ಮ್ಯಾಪ್‌ನಲ್ಲಿ ಎಷ್ಟು ಇವೆ, ಎಷ್ಟರಲ್ಲಿ ಫೋನ್ ನಂಬರ್ ಸರಿ ಇದೆ ನೋಡಿ. ಒಂದು ಅಂಗಡಿಗೆ ಕೂತು ಪ್ರೊಫೈಲ್ ಮಾಡಿಕೊಟ್ಟು, ಫೋಟೋ ಹಾಕಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ 200-300 ರೂಪಾಯಿ ಕೇಳೋದು ನ್ಯಾಯ. 4 ರೂಪಾಯಿ ಲೆಕ್ಕದಲ್ಲಿ ಅಷ್ಟು ದುಡಿಯೋಕೆ ಎಷ್ಟು ಕಸ ಹರಡಬೇಕು ಲೆಕ್ಕ ಹಾಕಿ. ಒಂದು ಮಾತು: ಪಾಸ್‌ವರ್ಡ್ ಅಂಗಡಿಯವರ ಹೆಸರಲ್ಲೇ, ಅವರ ಫೋನ್‌ನಲ್ಲೇ ಇರಬೇಕು. ನಮ್ಮ ಹತ್ರ ಇಟ್ಕೊಂಡ್ರೆ ನಾವೂ ಅದೇ ಏಜೆನ್ಸಿ ಆಗ್ತೀವಿ.

ಮಾವನ ವೆಬ್‌ಸೈಟ್ ಯಾವುದು ಅಂತ ಮೆಸೇಜ್ ಮಾಡಬೇಡಿ. ಹೇಳಿದರೆ ಹತ್ತು ಪೋಸ್ಟ್ ಬರೆದಿದ್ದು ಜಾಹೀರಾತಾಗುತ್ತೆ.

ಈಗ ಊರಿನ ವಿಷಯ. ಗೌಡಗೆರೆ ಬಗ್ಗೆ ಯಾರಾದರೂ ಲಿಂಕ್ ಕೊಡಬೇಕು ಅಂದ್ರೂ ಕೊಡೋಕೆ ಒಂದು ಪುಟ ಬೇಕಲ್ಲ. ಏನಿದೆ ನಮ್ಮ ಹತ್ರ? ಪೇಪರ್ ಕಟಿಂಗ್‌ನ ಫೋಟೋ, ಜಾತ್ರೆ ಪಾಂಪ್ಲೆಟ್‌ನ ಫೋಟೋ. ಫೋಟೋದೊಳಗಿನ ಅಕ್ಷರವನ್ನ ನಂಬಿಕೊಂಡು ಕೂರೋ ಹಾಗಿಲ್ಲ. ಟೈಪ್ ಮಾಡಿದ್ದು ಇದ್ದರೂ ಹಳೇ ನುಡಿ ಫಾಂಟ್‌ನಲ್ಲಿದೆ. ಅದನ್ನ ಯೂನಿಕೋಡ್‌ಗೆ ಬದಲಾಯಿಸದೆ ಹುಡುಕಿದರೆ ಸಿಗಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲಿ ಯಾರು ಬೇಕಾದ್ರೂ ಬರೀಬಹುದು, ಆದ್ರೆ ಆಧಾರ ಬೇಕು. ನಿಮ್ಮ ಅಂಗಡಿ ಲಿಂಕ್ ಅಂಟಿಸೋಕೆ ಅಲ್ಲಿಗೆ ಹೋಗಬೇಡಿ, ಅಲ್ಲಿನ ಹೊರಗಿನ ಲಿಂಕ್‌ಗಳಿಗೆಲ್ಲ ನೋಫಾಲೋ ಗುರುತಿದೆ. ಆಧಾರಕ್ಕೆ ಬಿ.ಎಲ್. ರೈಸ್ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ಇದೆ, ತುಮಕೂರು ಜಿಲ್ಲೆಯ ಶಾಸನಗಳದ್ದು, 1904ರದ್ದು. ಶಿರಾ ತಾಲ್ಲೂಕಿನ ಭಾಗ ನಾನು ಓದೋಕೆ ಶುರು ಮಾಡಿದ್ದೀನಿ, ನಿಧಾನಕ್ಕೆ ಹೋಗ್ತಿದೆ.

ನಿಮ್ಮ ಮನೆಯಲ್ಲಿ ಶಾಲೆ ವಾರ್ಷಿಕೋತ್ಸವದ್ದೋ ದೇವಸ್ಥಾನದ್ದೋ ಹಳೇ ಸ್ಮರಣ ಸಂಚಿಕೆ ಇದ್ದರೆ, ಡಿಟಿಪಿ ಮಾಡಿದ ಫೈಲ್ ಯಾರ ಹತ್ರಾದರೂ ಉಳಿದಿದ್ದರೆ, ಕಳಿಸಿ. ಭಾನುವಾರ ಮೂರು ಜನ ಕೂತು ಯೂನಿಕೋಡ್ ಮಾಡ್ತಿದ್ದೀವಿ. ಸ್ಕ್ರೀನ್‌ಶಾಟ್ ಬೇಡ, ಫೈಲ್ ಕಳಿಸಿ. ಮೇಲ್ ಐಡಿ ಬಯೋದಲ್ಲಿದೆ.

#ಗೌಡಗೆರೆ #ಶಿರಾ #ತುಮಕೂರು #ಬಿಕಾಂ #ಲಿಂಕ್‌ಬಿಲ್ಡಿಂಗ್